ರಾಮಭರೋಸ ಮೂಸಿ ನೋಡದ ಗಾಡಿಯಿಲ್ಲ

ಹೆಸರಿನಲ್ಲೇ ಭರವಸೆ ಇಟ್ಟುಕೊಂಡು ಹುಟ್ಟಿದ ರಾಮಭರೋಸ ನಮ್ಮ ದ್ವೀಪದ ಲಂಬಾಸ ಊರಿನಲ್ಲಿ ಇವತ್ತಿನವರೆಗೆ ಯಾರನ್ನೂ ನಂಬಿದ್ದಿಲ್ಲ. ಬೆಳಿಗ್ಗೆ ಸೂರ್ಯ ಹುಟ್ಟಿದರೆ, ಇದು ಹೊಸದೋ ಅಥವಾ ನಿನ್ನೆಯದನ್ನೇ ಒರೆಸಿ ತಂದು ಇಟ್ಟಿದ್ದಾರೋ ಎಂದು ಕೈ ಅಡ್ಡ ಹಿಡಿದು ನೋಡುವ ಮನುಷ್ಯ. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಕೊಳ್ಳುವಾಗ ಅವನು ಕಾಯಿಯನ್ನಲ್ಲ, ಮಾರುವವನನ್ನು ಹಿಡಿದು ಅಲ್ಲಾಡಿಸುತ್ತಾನೆಂದು ಜನ ಆಡಿಕೊಳ್ಳುತ್ತಾರೆ. ಅದು ಸುಳ್ಳು. ಎರಡನ್ನೂ ಅಲ್ಲಾಡಿಸುತ್ತಾನೆ, ನಾನೇ ಕಂಡಿದ್ದೇನೆ.

ನಾನು ದರ್ಜಿ. ನನ್ನ ಅಂಗಡಿಯ ಪಕ್ಕದ ಮನೆಯೇ ಅವನದು. ಅವನ ಮದುವೆಯಲ್ಲಿ ಹೆಂಡತಿ ಜ್ಞಾನಮತಿಯ ಸೀರೆಯ ಅಂಚು ಹೊಲಿದವನು ನಾನು, ಮತ್ತು ಅಗ್ನಿ ಸುತ್ತುವಾಗ ಸೆರಗಿನ ತುದಿ ಎತ್ತಿ ಹೊಲಿಗೆ ಗಟ್ಟಿಯಿದೆಯೇ ಎಂದು ಎಳೆದು ನೋಡಿದವನು ಅವನು. ಈಗಲೂ ಪ್ಯಾಂಟು ಹೊಲಿಸಲು ಬಂದರೆ ಅಳತೆಯ ಟೇಪು ಮನೆಯಿಂದಲೇ ತರುತ್ತಾನೆ. ನನ್ನ ಟೇಪಿನಲ್ಲಿ ಇಂಚುಗಳು ಗಿಡ್ಡವಂತೆ.

ಹೀಗಿದ್ದರೂ ಹುಟ್ಟುತ್ತಲೇ ಅವನು ಹೀಗಿರಲಿಲ್ಲ. ಕಬ್ಬಿನ ಲಾರಿ ಓಡಿಸಿಕೊಂಡಿದ್ದ ಕಾಲದಲ್ಲಿ ಬೇರೆಯವರಿಗಿಂತ ಒಂದೆಳೆ ಹೆಚ್ಚು ಅನುಮಾನ, ಆದರೂ ಬೇರೆಯವರಷ್ಟೇ ನಂಬಿಕೆ. ಅವನನ್ನು ಕೆಡಿಸಿದ್ದು ಒಂದು ಬಿಳಿ ಕಾರು. ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು, ಹಡಗಿನಲ್ಲಿ ಬಂದದ್ದು, ಮುತ್ತಿನಂತೆ ಹೊಳೆಯುತ್ತಿದ್ದದ್ದು. ಕೊಂಡ ದಿನ ಹೆಂಡತಿಯನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದ. ಎರಡನೇ ತಿಂಗಳಿಗೆ ಎಡಕ್ಕೆ ತಿರುಗುವ ದೀಪ ಹಾಕಿದರೆ ವೈಪರ್ ಆಡತೊಡಗಿತು. ಹಾರ್ನ್ ಒತ್ತಿದರೆ ರೇಡಿಯೋ ಹಾಡತೊಡಗಿತು. ರೇಡಿಯೋ ಆರಿಸಿದರೆ ಕಿಟಕಿ ಇಳಿಯಿತು. ಒಂದು ದಿನ ಡ್ಯಾಶ್‌ಬೋರ್ಡಿನ ಸಂದಿಯಿಂದ ಏಡಿಯೊಂದು ಹೊರಗೆ ಬಂದು, ಸೊಂಟ ಬಗ್ಗಿಸಿ ಜಪಾನಿ ರೀತಿಯಲ್ಲಿ ನಮಸ್ಕಾರ ಮಾಡಿತಂತೆ. ಏಡಿಗೆ ಸೊಂಟವೆಲ್ಲಿದೆ ಎಂದು ನಾನು ಕೇಳಿಲ್ಲ. ನೊಂದ ಮನುಷ್ಯನ ಹತ್ತಿರ ಅಂಥದ್ದೆಲ್ಲ ಕೇಳಬಾರದು.

ಆ ಗಾಡಿ ಅಲ್ಲೆಲ್ಲೋ ಬಿರುಗಾಳಿಯ ನೆರೆಯಲ್ಲಿ ಸೀಟಿನ ಮಟ್ಟಕ್ಕೆ ಮುಳುಗಿ ಎದ್ದದ್ದಾಗಿತ್ತು. ತೊಳೆದು, ಒಣಗಿಸಿ, ಸೆಂಟು ಹೊಡೆದು ಹಡಗು ಹತ್ತಿಸಿದ್ದರು. ಮೇಲೆ ಮುತ್ತು, ಒಳಗೆ ತಂತಿಗಳೆಲ್ಲ ಹಸಿರು ಕಿಲುಬು. ಕಬ್ಬು ನುರಿಸುವ ಕಾಲದಲ್ಲಿ, ಸೇತುವೆಯ ನಟ್ಟನಡುವೆ ಅದು ಕೊನೆಯುಸಿರೆಳೆಯಿತು. ಹಿಂದೆ ಮಿಲ್ಲಿಗೆ ಹೊರಟ ಲಾರಿಗಳ ಸಾಲು ಎಷ್ಟುದ್ದ ನಿಂತಿತೆಂದರೆ, ಕೊನೆಯ ಲಾರಿಯ ಕಬ್ಬು ಅಲ್ಲೇ ಚಿಗುರಿತು.

ಅಂದಿನಿಂದ ರಾಮಭರೋಸ ಗಾಡಿ ಮೂಸುವವನಾದ. ಊರಿನಲ್ಲಿ ಯಾರು ಜಪಾನಿನ ಗಾಡಿ ಕೊಳ್ಳುವುದಿದ್ದರೂ ಮೊದಲು ಇವನನ್ನು ಕರೆದುಕೊಂಡು ಹೋಗುವುದು ಪದ್ಧತಿಯಾಯಿತು. ಇವನ ಕ್ರಮ ಹೀಗೆ. ಮಟಮಟ ಮಧ್ಯಾಹ್ನ, ಗಾಡಿಯ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಳಗೆ ಕೂತು ಬೆವರುತ್ತಾನೆ. ಬಿಸಿಗೆ ಕಾರ್ಪೆಟ್ ಅಡಗಿಸಿಟ್ಟ ವಾಸನೆಯೆಲ್ಲ ಮೇಲೇಳುತ್ತದೆ. ಆಮೇಲೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯುತ್ತಾನೆ. ಸುತ್ತಿಕೊಂಡ ಭಾಗವನ್ನು ತೊಳೆಯುವವರು ಕಡಿಮೆ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರಡಿಯ ಗುಂಡಿಯಲ್ಲಿ ಬೆರಳಾಡಿಸುತ್ತಾನೆ. ಸೀಟಿನ ಕೆಳಗಿನ ಸ್ಕ್ರೂಗಳು ತುಕ್ಕು ಹಿಡಿದಿದ್ದರೆ ತಲೆಯಾಡಿಸುತ್ತಾನೆ. ತುಕ್ಕಿಲ್ಲದೆ ತಳತಳ ಹೊಳೆದರೆ ಇನ್ನೂ ಜೋರಾಗಿ ತಲೆಯಾಡಿಸುತ್ತಾನೆ. ಹೆಡ್‌ಲೈಟಿನ ಗಾಜಿನೊಳಗೆ ಹಬೆ ಕಂಡರೆ ಮಾತೇ ಬೇಡ, ನೇರ ಮನೆಗೆ. ಕೊನೆಗೆ ಎಲ್ಲಿಂದಲಾದರೂ ಚಿಟಿಕೆ ಮಣ್ಣು ಸಿಕ್ಕಿದರೆ ನಾಲಿಗೆಗೆ ಇಟ್ಟುಕೊಳ್ಳುತ್ತಾನೆ. ಉಪ್ಪಾಗಿದ್ದರೆ ಸಮುದ್ರದ ನೀರು, ಸಪ್ಪೆಯಾಗಿದ್ದರೆ ನದಿಯ ನೀರು. ನಮ್ಮ ಲಂಬಾಸ ನದಿಯ ಮಣ್ಣಿನಲ್ಲಿ ಸ್ವಲ್ಪ ಬೆಲ್ಲದ ರುಚಿಯಿದೆ ಎಂದು ಹೇಳುತ್ತಾನೆ. ಮಿಲ್ಲು ಹತ್ತಿರವಿದೆ, ಇದ್ದರೂ ಇರಬಹುದು.

ಹೋದ ವರ್ಷದ ನೆರೆಯಲ್ಲಿ ಅವನ ತೀರಿಕೊಂಡ ತಮ್ಮನ ಮಗಳು ಶಲೇಶ್ನಿಯ ವ್ಯಾನು ಮುಳುಗಿತು. ಗಂಡನಿಲ್ಲದ ಹುಡುಗಿ, ಕಬ್ಬಿನ ಗದ್ದೆಗಳ ನಡುವಿನ ಮನೆಗಳಿಂದ ಮಕ್ಕಳನ್ನು ತುಂಬಿಕೊಂಡು ಊರಿನ ಶಾಲೆಗೆ ಬಿಟ್ಟು ಬರುವುದೇ ಅವಳ ಜೀವನ. ಸೋಮವಾರ ಶಾಲೆ ಬಾಗಿಲು ತೆರೆಯುವುದಿತ್ತು. ಅಷ್ಟರೊಳಗೆ ಬೇರೆ ಗಾಡಿ ತಂದು ನಿಲ್ಲಿಸದಿದ್ದರೆ ಮಕ್ಕಳ ಅಪ್ಪ ಅಮ್ಮಂದಿರು ಬೇರೆಯವರನ್ನು ಗೊತ್ತು ಮಾಡಿಕೊಳ್ಳುವವರಿದ್ದರು. ಒಂದು ಸಲ ಕೈಬಿಟ್ಟ ಮಕ್ಕಳು ಮತ್ತೆ ಬರುವುದಿಲ್ಲ. ಇನ್ನೊಂದು ಮುಳುಗಿದ ಗಾಡಿ ಕೊಂಡರೋ, ಅದನ್ನು ಮಾರಿ ಮತ್ತೊಂದು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಇರುವುದೊಂದೇ ಏಟು, ಗುರಿ ತಪ್ಪಬಾರದು.

ರಾಮಭರೋಸ, ಶಲೇಶ್ನಿ, ನಾನು, ಮೂವರಿಗೂ ವಾರವೆಲ್ಲ ಗೌಂಡರನ ಯಾರ್ಡಿನಲ್ಲಿ ಕಳೆಯಿತು. ಪೊನ್‌ಸಾಮಿ ಗೌಂಡರ್ ಹಡಗಿನಿಂದ ಗಾಡಿ ಇಳಿಸಿ ಮಾರುವವನು. ದಪ್ಪ ಹೊಟ್ಟೆ, ದಪ್ಪ ನಗು. ರಾಮಭರೋಸ ಗೇಟಿನಲ್ಲಿ ಕಂಡ ಕೂಡಲೇ ಆ ನಗು ಅರ್ಧವಾಗುತ್ತಿತ್ತು.

"ಬಂದ್ಯಾ ಮಾರಾಯಾ? ಮೂಗು ತೊಳ್ಕೊಂಡು ಬಂದಿದೀಯಾ?"

"ನೀನು ಗಾಡಿ ತೊಳ್ದಷ್ಟು ತೊಳ್ದಿಲ್ಲ ಬಿಡು" ಎಂದ ರಾಮಭರೋಸ. "ಆ ನೀಲಿ ಗಾಡಿಗೆ ಯಾಕೆ ಅಷ್ಟು ಸೆಂಟು? ಮದ್ವೆಗೆ ಹೊರ್ಟಿದೆಯಾ?"

"ಸೆಂಟು ಹೊಡೆದ್ರೂ ತಪ್ಪು, ಹೊಡೀದಿದ್ರೂ ತಪ್ಪು!"

"ಬೆಲ್ಟು ಎಳೀ ಶಲೇಶ್ನಿ."

ಶಲೇಶ್ನಿ ಎಳೆದಳು. ಬೆಲ್ಟು ಮೂರು ಮೊಳ ಶುಭ್ರವಾಗಿ ಬಂದು ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಸ್ಟೆಪ್ನಿ ಎತ್ತಿದರೆ ಗುಂಡಿಯಲ್ಲಿ ಬೂದು ಕೆಸರು, ಅದರಲ್ಲೊಂದು ಪುಟ್ಟ ಕಪ್ಪೆಚಿಪ್ಪು. ರಾಮಭರೋಸ ಅದನ್ನು ಗೌಂಡರನ ಅಂಗೈ ಮೇಲಿಟ್ಟ.

"ತಗೋ. ಗಾಡಿ ಜೊತೆ ಉಚಿತ."

ಗೌಂಡರ್ ಕೆಂಪಾದ. ಹಡಗಿನಲ್ಲಿ ಮುಚ್ಚಿದ ಗಾಡಿ ಬರುತ್ತದೆ, ಒಳಗೇನಿದೆಯೋ ತನಗೇನು ಗೊತ್ತು ಎಂದ. ಅದು ನಿಜವೂ ಇರಬಹುದು. ಆದರೆ ಆ ಮಧ್ಯಾಹ್ನ ಅವನು ಗಾಡಿಗಳಿಗೆ ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿ, "ನಿನ್ನ ಅಣ್ಣನ ಮಗಳಿಗೆ ಬೇಕಾದ್ರೆ ಗಾಡಿ ಕೊಡ್ತೀನಿ, ನಿನಗೆ ಮಾತ್ರ ನೋಡೋಕೂ ಕೊಡಲ್ಲ" ಎಂದು ನಮ್ಮನ್ನು ಗೇಟಿನಾಚೆ ಕಳಿಸಿದ.

"ತಮ್ಮನ ಮಗಳು" ಎಂದು ರಾಮಭರೋಸ ತಿದ್ದಿದ. "ನೋಡಿದ್ಯಾ ದರ್ಜಿ? ಸಂಬಂಧ ಹೇಳೋದ್ರಲ್ಲೂ ಮೋಸ."

ಶನಿವಾರ ಬೆಳಿಗ್ಗೆ ಉಳಿದದ್ದು ಒಂದೇ ಗಾಡಿ: ಅಪೆನಿಸಾನದು.

ಅಪೆನಿಸಾ ನದಿಯಾಚೆಯ ಹಳ್ಳಿಯವನು. ಬಸ್ ಡ್ರೈವರ್ ಆಗಿ ರಿಟೈರ್ ಆದವನು, ಆನೆಯಂಥ ಆಳು, ಚರ್ಚಿನಲ್ಲಿ ಹಾಡಿದರೆ ಆಚೆ ದಡದ ಮನೆಗಳಲ್ಲಿ ಪಾತ್ರೆಗಳು ಕೆಳಗೆ ಬೀಳುತ್ತವೆ. ಒಂದು ಕಾಲದಲ್ಲಿ ಅವನ ಬಸ್ಸೂ ರಾಮಭರೋಸನ ಲಾರಿಯೂ ಒಂದೇ ಗಾಡಿ ಹಿಡಿಸುವ ಸೇತುವೆಯ ಮೇಲೆ ಮುಖಾಮುಖಿಯಾಗಿ, ಇಬ್ಬರೂ ಹಿಂದೆ ಸರಿಯಲಾರೆ ಎಂದು ಕೂತರು. ಪ್ರಯಾಣಿಕರು ಇಳಿದು ಅಡಿಗೆ ಮಾಡಿಕೊಂಡು ಉಂಡರು, ಅಲ್ಲೇ ಎರಡು ಮದುವೆ ಗೊತ್ತಾದವು, ಒಂದು ಮುರಿಯಿತು. ಸಂಜೆಗೆ ಇಬ್ಬರೂ ಸುಸ್ತಾಗಿ ಒಟ್ಟಿಗೆ ನಕ್ಕರು. ಆಮೇಲೆ ಒಬ್ಬರನ್ನೊಬ್ಬರು ತವಾಲೆ ಎಂದು ಕರೆಯತೊಡಗಿದರು. ತವಾಲೆ ಎಂದರೆ ಅಪೆನಿಸಾನ ಜನರ ಮಾತಿನಲ್ಲಿ ಭಾವಮೈದುನ. ಎಷ್ಟು ಬೈದರೂ ಮುನಿಸಿಕೊಳ್ಳುವ ಹಾಗಿಲ್ಲದ ಸಂಬಂಧ. ಆದರೆ ಅದಕ್ಕೂ ಒಂದು ಗಡಿಯಿದೆ ಎಂದು ಅವತ್ತು ತಿಳಿಯಿತು.

ಕಣ್ಣಿಗೆ ಪೊರೆ ಬಂದು ಅಪೆನಿಸಾ ಈಚೆಗೆ ಗಾಡಿ ಓಡಿಸುವುದನ್ನು ಬಿಟ್ಟಿದ್ದ. ಅದೂ ಜಪಾನಿನಿಂದ ಬಂದ ವ್ಯಾನೇ. ಎರಡು ವರ್ಷದ ಕೆಳಗೆ ಹಡಗಿನಿಂದ ಇಳಿದದ್ದು. ಅವನು ಇನ್ನೂ ಒಂದನ್ನು ಬಿಟ್ಟಿದ್ದ: ಯಂಗೋನ. ಬೇರು ಕುಟ್ಟಿ, ನೀರಿನಲ್ಲಿ ಹಿಂಡಿ, ಕೆಸರಿನ ಬಣ್ಣದ ಆ ಪಾನೀಯವನ್ನು ತೆಂಗಿನ ಚಿಪ್ಪಿನಲ್ಲಿ ಕುಡಿದು ನಾಲಿಗೆ ಜುಮ್ಮೆನ್ನುವಾಗ ಸಿಗುವ ಸಮಾಧಾನವನ್ನು ನಮ್ಮ ಊರಿನ ಗಂಡಸರು ಸ್ವರ್ಗಕ್ಕೂ ಬಿಟ್ಟುಕೊಡುವವರಲ್ಲ. ಅಪೆನಿಸಾ ಎಷ್ಟು ಕುಡಿಯುತ್ತಿದ್ದನೆಂದರೆ ಅವನ ಚರ್ಮ ಉಡದ ಚರ್ಮದಂತೆ ಪೊರೆಗಟ್ಟಿತು. ಆಗ ಅವನ ಹೆಂಡತಿ ಮೆರೆಸೀನಿ ಬೈಬಲ್ಲಿನ ಮೇಲೆ ಕೈ ಇಡಿಸಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದಳು. ಸಾಂಪ್ರದಾಯಿಕ ಕಾರ್ಯಗಳಲ್ಲಿ ಕೊಟ್ಟದ್ದನ್ನು ಮಾತ್ರ ಬೇಡವೆನ್ನುವ ಹಾಗಿಲ್ಲ; ಅಷ್ಟಕ್ಕೆ ವಿನಾಯಿತಿ. ಹಳ್ಳಿಯವರೆಲ್ಲ ಅವನನ್ನು ಕೊಂಡಾಡಿದರು. ನಮ್ಮ ಕೂಟದಲ್ಲಿ ಅವನ ಜಾಗ ಖಾಲಿಯಾಗಿ, ಅಲ್ಲಿ ಮೂರು ಜನ ಕೂತರು.

ನಾವು ಹೋದಾಗ ಮೆರೆಸೀನಿ ಮೆಟ್ಟಿಲ ಮೇಲೆ ಕೂತು ಚಾಪೆ ಹೆಣೆಯುತ್ತಿದ್ದಳು. ನಿಂಬೆ ಎಲೆಯ ಚಹಾ, ಬೇಯಿಸಿದ ಮರಗೆಣಸು ಬಂತು.

"ಬಾ ತವಾಲೆ, ಬಾ" ಎಂದ ಅಪೆನಿಸಾ. "ಮರಗೆಣಸು ಮೂಸಿ ನೋಡಿ ತಿನ್ನು. ನಿನ್ನೆ ಕೆಸರಿಂದ ತೆಗೆದದ್ದು."

"ಮರಗೆಣಸಿನ ಮೇಲೆ ಅನುಮಾನ ಇಲ್ಲ. ಬೇಯಿಸ್ದವರು ಭಾಭಿ. ಬಸ್ಸು ಓಡಿಸ್ದವರ ಮೇಲೆ ಮಾತ್ರ."

ಎಲ್ಲರೂ ನಕ್ಕೆವು. ಶಲೇಶ್ನಿ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದಳು. ಇಳಿದಾಗ ಅವಳ ಮುಖ ನೋಡಬೇಕಿತ್ತು. ವಾರದಿಂದ ಆ ಮುಖ ಬೆಳಗಿರಲಿಲ್ಲ.

"ಬೆಣ್ಣೆ ಹಾಗೆ ಹೋಗತ್ತೆ ಕಾಕಾ. ಇದೇ ಸಾಕು."

"ಬೆಣ್ಣೇನೂ ಕೆಡತ್ತೆ" ಎಂದು ರಾಮಭರೋಸ ಕಿಟಕಿ ಮುಚ್ಚಿಕೊಂಡು ಒಳಗೆ ಕೂತ.

ಅವನು ಹೊರಬಂದಾಗ ಅವನ ಹುಬ್ಬುಗಳು ಒಂದಾಗಿದ್ದವು.

"ಸೆಂಟು ಯಾಕೆ ತವಾಲೆ?"

"ಯಾವ ಸೆಂಟು?"

"ಸೀಟಿನ ಕೆಳಗೆ ಮಲ್ಲಿಗೆ ಸೆಂಟಿನ ಶೀಷೆ ಇದೆ. ನೀನು ಯಾವಾಗಿಂದ ಮಲ್ಲಿಗೆ?"

ಅಪೆನಿಸಾ ನಕ್ಕ. ಆದರೆ ಆ ನಗು ಗೌಂಡರನ ನಗುವಿನ ಹಾಗೆ ಅರ್ಧವಾಗಿತ್ತು. ರಾಮಭರೋಸ ಹಿಂದಿನ ಸೀಟಿನ ಬೆಲ್ಟು ಎಳೆದ. ಬೆಲ್ಟಿನ ಮೇಲೆ ಅಡ್ಡಲಾಗಿ, ನೀರು ನಿಂತು ಇಳಿದ ಹಾಗೆ, ಕಂದು ಗೆರೆ. ತೊಳೆದು ಶುಭ್ರವಾಗಿದ್ದ ಕಾರ್ಪೆಟ್ಟಿನ ಮೂಲೆ ಎತ್ತಿದ. ಅಡಿಯಲ್ಲಿ ಬೂದುಗಂದು ಬಣ್ಣದ ನಯವಾದ ಹುಡಿ, ಒಣಗಿ ಬಿರುಕು ಬಿಟ್ಟಿತ್ತು, ನೆರೆ ಇಳಿದ ಮೇಲೆ ನಮ್ಮ ಅಂಗಳಗಳಲ್ಲಿ ಉಳಿಯುವ ಹಾಗೆ.

ಶಲೇಶ್ನಿಯ ಮುಖ ಆರಿತು. ನಾನು ಚಹಾದ ಲೋಟ ಕೆಳಗಿಟ್ಟೆ.

"ಈ ಕಾರ್ಪೆಟ್ಟು ಯಾಕೆ ತೊಳ್ಸಿದೆ?" ಎಂದು ರಾಮಭರೋಸ ಕೇಳಿದ. ತಮಾಷೆಯ ದನಿ ಹೋಗಿತ್ತು.

ಅಪೆನಿಸಾ ಮೆಟ್ಟಿಲ ಕಡೆ ನೋಡಿದ. ಮೆರೆಸೀನಿ ಚಾಪೆಯಿಂದ ತಲೆಯೆತ್ತಿದ್ದಳು. "ಧೂಳಾಗಿತ್ತು" ಎಂದ.

"ಧೂಳಿಗೆ ಗೆರೆ ಬರತ್ತಾ? ಎಷ್ಟು ನೀರು ಹೊಕ್ಕಿತ್ತು ಇದಕ್ಕೆ? ಜಪಾನಲ್ಲಿ ಹೊಕ್ಕಿತ್ತೋ, ಇಲ್ಲಿ ಹೊಕ್ಕಿತ್ತೋ?"

"ಯಾವ ನೀರೂ ಹೊಕ್ಕಿಲ್ಲ."

"ಮತ್ತೆ ಇದೇನು?"

"ಏನೋ ಒಂದು. ಬಿಡು."

ಆ 'ಬಿಡು' ಇದೆಯಲ್ಲ, ಅದೇ ಕೆಟ್ಟದ್ದು. ಸಾವಿರ ಗಾಡಿ ಮೂಸಿದವನ ಮುಂದೆ ಬಿಡು ಎಂದರೆ ಅವನು ಬಿಡುತ್ತಾನೆಯೇ? ರಾಮಭರೋಸನ ದನಿ ಏರಿತು. ಅಪ್ಪನಿಲ್ಲದ ಹುಡುಗಿಗೆ ನೆರೆ ಕುಡಿದ ಗಾಡಿ ಕಟ್ಟಲು ಹೊರಟಿದ್ದೀಯಾ ಎಂದ. ಗೌಂಡರನಾದರೂ ವಾಸಿ, ಅವನು ಚರ್ಚಿನಲ್ಲಿ ಹಾಡುವುದಿಲ್ಲ ಎಂದ. ಅಕ್ಕಪಕ್ಕದ ಮನೆಗಳ ಕಿಟಕಿಗಳಲ್ಲಿ ತಲೆಗಳು ಮೂಡಿದವು.

ಅಪೆನಿಸಾ ಎದ್ದು ನಿಂತ. ಅವನು ನಿಂತಾಗ ನಮ್ಮ ಮೇಲೆ ನೆರಳು ಬಿತ್ತು.

"ಕಳ್ಳ ಅಂತೀಯಾ ನನ್ನ? ನನ್ನ ಅಂಗಳದಲ್ಲಿ ನಿಂತು, ನನ್ನ ಮನೆ ಚಹಾ ಕುಡಿದು?"

"ಮಣ್ಣೇ ಹೇಳತ್ತೆ ಬಿಡು, ನಾನ್ಯಾಕೆ ಅನ್ಲಿ. ಉಪ್ಪಾಗಿದ್ರೆ ಜಪಾನು, ಬೆಲ್ಲದ ರುಚಿ ಇದ್ರೆ ಲಂಬಾಸ" ಎಂದು ರಾಮಭರೋಸ ದೊಡ್ಡ ಚಿಟಿಕೆ ಎತ್ತಿ ನಾಲಿಗೆಯ ಮೇಲೆ ಹಾಕಿಕೊಂಡ.

ಮತ್ತು ಹಾಗೇ ನಿಂತ.

ನಾನು ಅವನ ಮುಖವನ್ನು ಬಹಳ ಕಾಲದಿಂದ ಬಲ್ಲೆ. ಮೊದಲು ಕಣ್ಣು ಕಿರಿದಾದವು, ಆಮೇಲೆ ಅಗಲವಾದವು. ತುಟಿ ಏನೋ ಹೇಳಲು ಹೋಗಿ ದಾರಿ ತಪ್ಪಿತು. ನನಗೂ ಕುತೂಹಲ, ಒಂದಿಷ್ಟು ಹುಡಿ ನಾಲಿಗೆಗಿಟ್ಟುಕೊಂಡೆ. ಉಪ್ಪಿಲ್ಲ, ಬೆಲ್ಲವಿಲ್ಲ. ಕಹಿ, ಮೆಣಸಿನ ಘಾಟು, ಆಮೇಲೆ ನಾಲಿಗೆಯ ತುದಿ ಜುಮ್ಮೆಂದು ಮರಗಟ್ಟಿತು. ಲೋಕದ ಯಾವ ನದಿಯ ಮಣ್ಣೂ ನಾಲಿಗೆಯನ್ನು ಹಾಗೆ ಮಾಡುವುದಿಲ್ಲ. ಅದು ಒಣಗಿದ ಯಂಗೋನ. ಆ ಗಾಡಿಯಲ್ಲಿ ನೆರೆಯೇನೋ ಬಂದಿತ್ತು, ಆದರೆ ಬಕೆಟ್ಟಿನಿಂದ.

ಅಪೆನಿಸಾನ ಕಡೆ ನೋಡಿದೆ. ಆನೆಯಂಥ ಆಳು ಬೆವರುತ್ತಿದ್ದ. ಅವನ ಕಣ್ಣು ರಾಮಭರೋಸನ ಮೇಲಿರಲಿಲ್ಲ, ಮೆಟ್ಟಿಲ ಮೇಲಿನ ಮೆರೆಸೀನಿಯ ಮೇಲಿತ್ತು. ಎಲ್ಲ ತಿಳಿಯಿತು. ಸತ್ಯ ಹೇಳಿದರೆ ಆಣೆ ಮುರಿದವನು, ಹೇಳದಿದ್ದರೆ ಗಾಡಿ ಕಳ್ಳ.

ಈಗ ರಾಮಭರೋಸನ ಸರದಿ. ಅವನು ಒಂದು ಮಾತು ಹೇಳಿದ್ದರೆ ಅವನ ಮೂಗಿಗೆ ಕೀರ್ತಿ, ಹುಡುಗಿಗೆ ಗಾಡಿ, ಗೆಳೆಯನಿಗೆ ಮನೆಯಲ್ಲಿ ವನವಾಸ. ಅವನು ಕೆಮ್ಮಿದ. ಮರಗಟ್ಟಿದ ನಾಲಿಗೆಯನ್ನು ಹಲ್ಲಿನಿಂದ ಬಿಡಿಸಿಕೊಂಡ.

"ದಾಡಿ ಒಳ್ಳೇದು" ಎಂದ. ಮತ್ತೆ ತಿದ್ದಿಕೊಂಡು, "ಗಾಡಿ. ಗಾಡಿ ಒಳ್ಳೇದು. ನನ್ನದೇ ತಪ್ಪು. ಬರೀ ಧೂಳು. ತಗೋ ಶಲೇಶ್ನಿ."

ರಾಮಭರೋಸನ ಬಾಯಿಂದ 'ನನ್ನದೇ ತಪ್ಪು' ಎಂಬ ಮಾತು ಕೇಳಿ, ಬೇಲಿಯ ಮೇಲಿದ್ದ ಹುಂಜವೊಂದು ಮಧ್ಯಾಹ್ನವೆಂಬುದನ್ನು ಮರೆತು ಕೂಗಿತು.

ಶಲೇಶ್ನಿ ಎರಡು ಹೆಜ್ಜೆ ಹಿಂದೆ ಸರಿದಳು. "ಕಾಕಾ, ಏನಾಯ್ತು ನಿಮಗೆ?"

"ಏನಾಗಬೇಕು? ಒಳ್ಳೇ ಗಾಡಿ ಅಂದೆ."

"ನೀವು ಕಾಕಿ ಮಾಡಿದ ರೊಟ್ಟೀನೂ ಯಾವತ್ತೂ ಒಳ್ಳೇದು ಅಂದಿಲ್ಲ! ಈಗಷ್ಟೇ ನೆರೆ ಗಾಡಿ ಅಂತ ಊರೆಲ್ಲ ಕೇಳೋ ಹಾಗೆ ಕೂಗಿದ್ರಿ. ಏನು ತಿಂದ್ರಿ ಅಲ್ಲಿ? ನಾಲಿಗೆ ಯಾಕೆ ತೊದಲತ್ತೆ?"

"ಬಿಸಿಲು" ಎಂದ ರಾಮಭರೋಸ.

"ನಿಮಗೆ ಅನುಮಾನ ಇಲ್ಲ ಅಂದ್ರೆ ನಂಗೆ ಅನುಮಾನ" ಎಂದು ಅವಳು ಬೀಗದ ಕೈಯನ್ನು ಗಾಡಿಯ ಬಾನೆಟ್ ಮೇಲಿಟ್ಟಳು. "ನಿಮ್ಮ ಗೆಳೆಯರ ಮಾನ ಉಳ್ಸೋಕೆ ನನ್ನ ತಲೆಗೆ ಕಟ್ತಾ ಇದೀರಿ. ನಂಗೆ ಬೇಡ ಈ ಗಾಡಿ. ಸೋಮವಾರ ಮಕ್ಕಳು ಬೇರೆಯವರ ಜೊತೆ ಹೋಗ್ಲಿ. ದಾರಿ ಮಧ್ಯೆ ಬ್ರೇಕು ಹೋಗಿ ಯಾರ ಮಗೂಗಾದ್ರೂ ಏನಾದ್ರೂ ಆದ್ರೆ ನೀವು ಬರ್ತೀರಾ, ಬಿಸಿಲು ಅಂತ ಹೇಳೋಕೆ?"

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನಮಗೆ ಸುಲಭವಾಗುತ್ತಿತ್ತು. ರಾಮಭರೋಸ ಅಪೆನಿಸಾನನ್ನು ನೋಡಿದ. ನನ್ನತ್ತ ನೋಡಿದ. ನಾನು ಮರಗೆಣಸು ನೋಡಿದೆ. ಶಲೇಶ್ನಿ ರಸ್ತೆಯ ಕಡೆಗೆ ನಡೆದೇಬಿಟ್ಟಳು.

"ನಿಲ್ಲು ಮಗಳೇ" ಎಂದ ಅಪೆನಿಸಾ.

ಅದು ಚರ್ಚಿನ ದನಿ. ಅವಳು ನಿಂತಳು. ಕಿಟಕಿಯ ತಲೆಗಳೂ ನಿಂತವು.

"ಯಾರನ್ನೂ ನಂಬದ ಈ ಮನುಷ್ಯ ನನಗೋಸ್ಕರ ತನ್ನ ಮಾತು ತಾನೇ ನುಂಗಿದಾನೆ. ಅವನಿಗೆ ಅದು ವಿಷ ಕುಡಿದ ಹಾಗೆ" ಎಂದ. ಆಮೇಲೆ ಮೆಟ್ಟಿಲ ಕಡೆ ತಿರುಗಿ ತಲೆ ತಗ್ಗಿಸಿದ. "ಮೆರೆಸೀನಿ, ಗಾಡಿಗೆ ನೀರು ಹೊಕ್ಕಿಲ್ಲ. ಯಂಗೋನ ಹೊಕ್ಕಿದೆ. ಈಸ್ಟರ್ ಆದ ಮೇಲೆ ಆ ಕಡೆ ಹಳ್ಳಿಗೆ ಹೋಗಿದ್ದೆನಲ್ಲ, ಹಾಡು ಕಲಿಸೋಕೆ ಅಂತ. ಹಾಡೂ ಕಲಿಸಿದೆ. ಬರುವಾಗ ಉಳಿದದ್ದು ಒಂದು ಬಕೆಟ್ಟು ಕೊಟ್ಟರು. ಚೆಲ್ಲಬಾರದು ಅಂತ ಹಿಂದಿನ ಸೀಟಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಬಸ್ ಓಡಿಸಿದವನು, ನಿಯಮ ನಿಯಮವೇ. ತಿರುವಿನಲ್ಲಿ ಕುದುರೆ ಅಡ್ಡ ಬಂತು, ಬ್ರೇಕ್ ಹಾಕಿದೆ. ಬಕೆಟ್ಟಿಗೆ ಏನೂ ಆಗಲಿಲ್ಲ. ಒಳಗಿದ್ದದ್ದು ಮಾತ್ರ ಇಳಿದು ಹೋಯಿತು."

ಪ್ರಪಂಚದಲ್ಲಿ ಯಂಗೋನದ ಬಕೆಟ್ಟಿಗೆ ಸೀಟ್ ಬೆಲ್ಟು ಹಾಕಿದ ಮನುಷ್ಯ ಇವನೊಬ್ಬನೇ ಇರಬೇಕು. ಬೆಲ್ಟಿನ ಗೆರೆಗೂ ಕಾರಣ ಸಿಕ್ಕಿತು. ಶಲೇಶ್ನಿ ಮರಳಿ ಬಂದು, ಚಿಟಿಕೆ ಹುಡಿ ತೆಗೆದು ತಾನೂ ನಾಲಿಗೆಗಿಟ್ಟಳು, ಮುಖ ಹಿಂಡಿ ಉಗಿದಳು, ಮತ್ತೂ ನಂಬದೆ ಸ್ಟೆಪ್ನಿ ಎತ್ತಿಸಿದಳು. ಗುಂಡಿ ಒಣಗಿ ಸ್ವಚ್ಛವಾಗಿತ್ತು. ಮುಂದಿನ ಬೆಲ್ಟುಗಳು ಕೊನೆಯವರೆಗೂ ಶುಭ್ರ. ಸ್ಕ್ರೂಗಳು ಎಷ್ಟು ಬೇಕೋ ಅಷ್ಟೇ ಮಾಸಿದ್ದವು. ದೀಪದ ಗಾಜುಗಳಲ್ಲಿ ಹಬೆಯಿಲ್ಲ. ಅವಳು ಬಾನೆಟ್ ಮೇಲಿನ ಬೀಗದ ಕೈಯನ್ನು ಮೆಲ್ಲಗೆ ಕೈಗೆತ್ತಿಕೊಂಡಳು.

ನಾವು ಗಂಡಸರು ಮೂವರೂ ಮೆರೆಸೀನಿಯ ಬಾಯಿಯನ್ನೇ ನೋಡುತ್ತಿದ್ದೆವು. ಅವಳು ಚಾಪೆಯ ಎಳೆಯೊಂದನ್ನು ಸಾವಧಾನವಾಗಿ ಬಿಗಿದಳು.

"ಆ ಮಲ್ಲಿಗೆ ಸೆಂಟು ಇಟ್ಟಿದ್ದು ಯಾರು ಅಂದ್ಕೊಂಡೆ?" ಎಂದಳು ಗಂಡನಿಗೆ. "ಭಾನುವಾರ ಅದೇ ಗಾಡೀಲಿ ಚರ್ಚಿಗೆ ಹೋಗ್ಬೇಕಿತ್ತಲ್ಲ. ದೇವರಿಗಾದ್ರೂ ವಾಸನೆ ಬರಬಾರದು ಅಂತ ನಾನೇ ಇಟ್ಟೆ. ನೀನಾಗಿ ಯಾವಾಗ ಹೇಳ್ತೀಯೋ ನೋಡೋಣ ಅಂತ ಈಸ್ಟರಿಂದ ಕಾಯ್ತಾ ಇದೀನಿ. ಈ ದರ್ಜಿ ಭಾಯಿಗೂ ಗೊತ್ತಾಗಿರತ್ತೆ, ಅವರ ಮುಖ ನೋಡು, ನಾಲಿಗೆ ಹೊರಗೇ ಇದೆ."

ನಾನು ನಾಲಿಗೆ ಒಳಗೆ ಹಾಕಿಕೊಂಡೆ.

ಆದರೆ ಕೆಲಸ ಮುಗಿದಿರಲಿಲ್ಲ. ಕಿಟಕಿಗಳೆಲ್ಲ ಕೇಳುವಂತೆ ಒಬ್ಬನನ್ನು ಅವನ ಅಂಗಳದಲ್ಲೇ ಕಳ್ಳನೆಂದು ಕರೆದ ಮೇಲೆ, ಕೈಕುಲುಕಿ ಹೋಗುವುದು ನಮ್ಮ ಕಡೆ ನಡೆಯುವುದಿಲ್ಲ. ಯಂಗೋನದ ಬೇರಿನ ಕಟ್ಟು ತಂದು, ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು, ಅದನ್ನು ಎದುರಿಗಿಟ್ಟು ಕ್ಷಮೆ ಕೇಳಬೇಕು. ನೊಂದವನು ಬೇರನ್ನು ಮುಟ್ಟಿದರೆ ಸಿಟ್ಟು ಇಳಿಯಿತೆಂದು ಅರ್ಥ. ಮುಟ್ಟಿದ ಮೇಲೆ ಅಲ್ಲೇ ಕುಟ್ಟಿ, ಕಲಸಿ, ಎಲ್ಲರೂ ಕುಡಿಯಬೇಕು.

ರಾಮಭರೋಸ ನನ್ನನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೋದ. ಪ್ರತಿ ಬೇರನ್ನೂ ಮೂಸಿ, ಮುರಿದು, ಮಾರುವವಳನ್ನು ಅತ್ತೆಯ ಮನೆಗೆ ಓಡಿಹೋಗುವಷ್ಟು ಸತಾಯಿಸಿ, ಎಲ್ಲಕ್ಕಿಂತ ಒಳ್ಳೆಯ ಕಟ್ಟನ್ನೇ ತಂದ. ಸಂಜೆಗೆ ಮೊದಲು ಅಪೆನಿಸಾನ ಚಾಪೆಯ ಮೇಲೆ ಮಂಡಿಯೂರಿ, ನೆಲ ನೋಡುತ್ತ, "ತವಾಲೆ, ನನ್ನ ಮೂಗು ಸರಿಯಾಗೇ ಇತ್ತು, ಬಾಯಿ ಕೆಟ್ಟಿತ್ತು. ತಪ್ಪಾಯ್ತು" ಎಂದ.

ಅಪೆನಿಸಾ ಬೇರನ್ನು ಮುಟ್ಟಿದ. ಎಷ್ಟು ಬೇಗ ಮುಟ್ಟಿದನೆಂದರೆ, ಕಟ್ಟು ಇನ್ನೂ ಚಾಪೆಗೆ ತಾಗಿರಲಿಲ್ಲ.

ಮೆರೆಸೀನಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಬೇರು ಕುಟ್ಟುವ ಸದ್ದು, ಬಟ್ಟೆಯಲ್ಲಿ ಹಿಂಡುವ ಸದ್ದು, ಮೊದಲ ಚಿಪ್ಪು ತನ್ನ ಗಂಡನ ಕೈಗೆ ಹೋಗುವುದು, ಅವನ ಮುಖದ ಮೇಲೆ ದೇವದೂತರು ಇಳಿದು ಬರುವುದು, ಎಲ್ಲ. ಕ್ಷಮೆಯ ಯಂಗೋನವನ್ನು ಬೇಡವೆನ್ನಲು ಯಾವ ಹೆಂಡತಿಗೂ ಅಧಿಕಾರವಿಲ್ಲ. ಅವಳು ನನ್ನ ಪಕ್ಕ ಬಂದು ಬಗ್ಗಿದಳು.

"ದರ್ಜಿ ಭಾಯಿ, ನಿಜ ಹೇಳಿ. ಈ ಜಗಳ ಇವರಿಬ್ಬರೂ ಮೊದ್ಲೇ ಮಾತಾಡ್ಕೊಂಡಿದ್ದಾ?"

"ಛೆ ಛೆ ಭಾಭಿ" ಎಂದೆ. ಆದರೆ ಹೇಳಿದ ಮೇಲೆ ನನಗೂ ಒಂದು ಕ್ಷಣ ಅನುಮಾನ ಬಂತು. ಇವತ್ತಿಗೂ ಪೂರ್ತಿ ಹೋಗಿಲ್ಲ. ಆ ಹೊತ್ತಿನಲ್ಲಿ ರಾಮಭರೋಸ ತನ್ನ ಚಿಪ್ಪನ್ನು ಮೂಗಿನ ಹತ್ತಿರ ಹಿಡಿದು, "ತವಾಲೆ, ಈ ನೀರು ಯಾವ ನದೀದು?" ಎಂದು ಕೇಳುತ್ತಿದ್ದ.

ಹೊರಡುವಾಗ ಉಳಿದದ್ದನ್ನು ಬಕೆಟ್ಟಿಗೆ ಸುರಿದು ನಮಗೆ ಕೊಟ್ಟರು. ಖಾಲಿ ಕೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಶಲೇಶ್ನಿ ಆಗಲೇ ಕಾರ್ಪೆಟ್ಟನ್ನು ತಿಕ್ಕಿ ತೊಳೆದು, ಸೀಟುಗಳನ್ನು ಒರೆಸಿ, ಸೋಮವಾರದ ಮಕ್ಕಳ ಮನೆಗಳಿಗೆಲ್ಲ ಫೋನು ಮಾಡಿ ಮುಗಿಸಿದ್ದಳು. ಸ್ಟೇರಿಂಗ್ ಹಿಡಿದು ಕೂತಿದ್ದಳು. ರಾಮಭರೋಸ ಬಕೆಟ್ ಹಿಡಿದು ಹಿಂದಿನ ಬಾಗಿಲಿಗೆ ಕೈಹಾಕಿದ. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿತ್ತು.

ಅವಳು ಕಿಟಕಿಯನ್ನು ನಾಲ್ಕು ಬೆರಳಿನಷ್ಟು ಇಳಿಸಿದಳು. "ಬಕೆಟ್ಟಿಗೆ ಜಾಗ ಇಲ್ಲ ಕಾಕಾ."

"ಮುಚ್ಚಳ ಇದೆಯಮ್ಮಾ. ಮಡಿಲಲ್ಲಿ ಹಿಡ್ಕೋತೀನಿ. ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ" ಎಂದು ಕಿಟಕಿ ಏರಿಸಿ ಅವಳು ಹೊರಟೇಹೋದಳು.

ನಾವಿಬ್ಬರೂ ಬಕೆಟ್ಟಿನ ಹಿಡಿಗೆ ಒಂದು ಕೋಲು ತೂರಿಸಿ, ಮುಂದೊಬ್ಬ ಹಿಂದೊಬ್ಬ ಹೊತ್ತುಕೊಂಡು, ಧೂಳಿನಲ್ಲಿ ನಡೆದೆವು. ಸೇತುವೆಯ ಹತ್ತಿರ ತಿರುಗುವಾಗ ಗಾಡಿಯ ಎಡಗಡೆಯ ದೀಪ ಮಿನುಗಿತು. ವೈಪರ್ ಆಡಲಿಲ್ಲ. ರಾಮಭರೋಸ ನಿಂತು, ಅದು ಕಣ್ಮರೆಯಾಗುವವರೆಗೂ ನೋಡಿದ. ಆಮೇಲೆ ಕೋಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡು, ಹಿಂದೆ ತಿರುಗದೆಯೇ ಕೇಳಿದ:

"ದರ್ಜಿ, ನಿನ್ನ ಕಡೆ ಮುಚ್ಚಳ ಸರಿಯಾಗಿದೆ ತಾನೆ? ಸರಿಯಾಗಿ ನೋಡಿ ಹೇಳು."